ಸುಳ್ಳನ್ನು ಮುಖದಲ್ಲಿ ಹುಡುಕಬೇಡಿ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಎದುರಿಗಿದ್ದವರು ಕಣ್ಣು ತಪ್ಪಿಸಿದರೆ, ಬೆವರಿದರೆ ಅಥವಾ ತಡವರಿಸಿದರೆ ಸುಳ್ಳು ಸಿಕ್ಕಿಬಿದ್ದಿತೆಂದೇ ತಿಳಿಯುತ್ತೇವೆ. ಸುಮ್ಮನೆ ಆರೋಪ ಹೊತ್ತ ನಿರಪರಾಧಿಯೂ ಗಾಬರಿಯಿಂದ ಹೆಗಲು ಮುಟ್ಟಿಕೊಳ್ಳಬಹುದೆಂಬುದು ಆ ಗಾದೆಯ ಲೆಕ್ಕಕ್ಕೆ ಬಂದಿಲ್ಲ.

ಈ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಅಂಕಿ ಅಂಶಗಳಿವೆ. ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅವರು ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಬೇರೆ ಯಾವ ಸಹಾಯವೂ ಇಲ್ಲದೆ ಮಾತನ್ನಷ್ಟೇ ನೋಡಿ ಕೇಳಿ ಸುಳ್ಳು ನಿಜಗಳನ್ನು ಬೇರ್ಪಡಿಸಲು ಹೊರಟವರ ತೀರ್ಮಾನ ಸರಾಸರಿ ನೂರಕ್ಕೆ 54ರಷ್ಟು ಮಾತ್ರ ಸರಿಯಾಗಿರುತ್ತದೆ. ನಾಣ್ಯ ಚಿಮ್ಮಿದರೂ 50 ಸರಿಯಾಗುತ್ತದೆ. ಪೊಲೀಸರಂತಹ ಅನುಭವಸ್ಥರೂ ಇದರಲ್ಲಿ ಸಾಮಾನ್ಯರಿಗಿಂತ ಮೇಲೆನಿಸಲಿಲ್ಲ. ಸುಳ್ಳು ಪತ್ತೆ ಯಂತ್ರವೆಂದು ಹೆಸರಾದ ಪಾಲಿಗ್ರಾಫ್ ಕೂಡ ಉಸಿರಾಟ, ರಕ್ತದೊತ್ತಡ, ಬೆವರುಗಳನ್ನು ಅಳೆಯುತ್ತದೆಯೇ ಹೊರತು ಸುಳ್ಳನ್ನಲ್ಲ.

ಆದ್ದರಿಂದ ಗಮನವನ್ನು ಮುಖದಿಂದ ಮಾತಿನ ಕಡೆಗೆ ತಿರುಗಿಸಬೇಕು. ಮೊದಲು ನಿಮಗೆ ಅನುಮಾನವಿರುವವರನ್ನು ಅಡ್ಡಿಪಡಿಸದೆ, ನಡೆದದ್ದನ್ನು ಆರಂಭದಿಂದ ಕೊನೆಯವರೆಗೆ ಅವರದೇ ಮಾತಿನಲ್ಲಿ ಹೇಳಲು ಬಿಡಿ. ನಿಮಗೆ ಗೊತ್ತಿರುವುದನ್ನು ಈ ಹಂತದಲ್ಲಿ ಬಾಯಿಬಿಡಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಉದಾಹರಣೆಗೆ, ಸಂಜೆಯೆಲ್ಲ ಕಚೇರಿಯಲ್ಲಿದ್ದೆನೆಂದು ಹೇಳುವವರು ಆರು ಗಂಟೆಗೆ ಬೇರೆಡೆ ಹಣ ಪಾವತಿಸಿದ ರಸೀದಿ ನಿಮ್ಮ ಕೈಯಲ್ಲಿದೆಯೆಂದುಕೊಳ್ಳಿ. ಅದನ್ನು ಮೊದಲೇ ಮುಂದಿಟ್ಟರೆ, ಅದಕ್ಕೆ ಹೊಂದುವ ಕಥೆಯೊಂದನ್ನು ಕಟ್ಟಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಸಂಜೆ ಎಲ್ಲಿಗಾದರೂ ಹೋಗಿದ್ದಿರಾ, ಏನಾದರೂ ಕೊಂಡಿರಾ ಎಂದು ಸಹಜವಾಗಿ ಕೇಳಿ, ಉತ್ತರ ಬಂದ ಮೇಲೆ ರಸೀದಿಯನ್ನು ತೋರಿಸಿದರೆ, ನಿಜ ಹೇಳಿದವರು ಆ ಹೊತ್ತಿಗಾಗಲೇ ಅದನ್ನು ತಾವಾಗಿಯೇ ಪ್ರಸ್ತಾಪಿಸಿರುವ ಸಂಭವ ಹೆಚ್ಚು.

ಅನಂತರ ಅವರು ನಿರೀಕ್ಷಿಸದ ಪ್ರಶ್ನೆಗಳನ್ನು ಕೇಳಬೇಕು. ಎಲ್ಲಿದ್ದಿರಿ, ಯಾರೊಂದಿಗಿದ್ದಿರಿ ಎಂಬವಕ್ಕೆ ಸುಳ್ಳುಗಾರರು ಉತ್ತರವನ್ನು ಸಿದ್ಧಪಡಿಸಿಕೊಂಡೇ ಬಂದಿರುತ್ತಾರೆ. ಬಾಗಿಲಿನಿಂದ ಒಳಗೆ ಬಂದವರಿಗೆ ನೀವು ಯಾವ ಕಡೆ ಕುಳಿತಂತೆ ಕಾಣುತ್ತಿತ್ತು ಎಂಬುದಕ್ಕಲ್ಲ. ಇಬ್ಬರು ಜೊತೆಗಿದ್ದೆವೆಂದು ಹೇಳುತ್ತಿದ್ದರೆ ಇದೇ ಪ್ರಶ್ನೆಯನ್ನು ಬೇರೆಬೇರೆಯಾಗಿ ಕೇಳಿ, ಉತ್ತರಗಳನ್ನು ತಾಳೆ ನೋಡಬಹುದು. ಸಣ್ಣಪುಟ್ಟ ವ್ಯತ್ಯಾಸಗಳನ್ನು ಮಾತ್ರ ದೊಡ್ಡದು ಮಾಡಬಾರದು, ಏಕೆಂದರೆ ನಿಜವಾದ ನೆನಪೂ ಪ್ರತಿಸಲ ಸ್ವಲ್ಪ ಬದಲಾಗುತ್ತದೆ. ಪದವೂ ಕದಲದಂತೆ ಒಪ್ಪಿಸುವ ಕಥೆ ಕಂಠಪಾಠ ಮಾಡಿದ್ದೂ ಆಗಿರಬಹುದು.

ವಿವರಗಳು ಹೇರಳವಾಗಿದ್ದರೆ ಸಾಲದು, ಪರಿಶೀಲಿಸಲು ಬರುವಂತಿರಬೇಕು. ನಿಜ ಹೇಳುವವರು ಸಾಮಾನ್ಯವಾಗಿ ಫೋನ್ ಮಾಡಿದ ಸಮಯ, ಭೇಟಿಯಾದವರ ಹೆಸರು, ಚೀಟಿ, ಸಹಿ ಇಂಥವನ್ನು ಹೆಚ್ಚಾಗಿ ಕೊಡುತ್ತಾರೆ; ಸುಳ್ಳು ಹೇಳುವವರು ಕಥೆಯನ್ನು ಎಷ್ಟೇ ಬಣ್ಣಿಸಿದರೂ ಬೇರೆಯವರು ಹೋಗಿ ವಿಚಾರಿಸಬಹುದಾದ ಅಂಶಗಳ ಬಳಿ ಜಾರಿಕೊಳ್ಳುವುದುಂಟು. ಕೊಟ್ಟ ವಿವರಗಳಲ್ಲಿ ಎರಡನ್ನಾದರೂ ನೀವೇ ವಿಚಾರಿಸಿ ನೋಡಿ. ನಿಜಜೀವನದಲ್ಲಿ ಸುಳ್ಳು ಬಯಲಾಗುವುದು ಹೆಚ್ಚಾಗಿ ಹೀಗೆಯೇ: ಮೂರನೆಯವರ ಮಾತಿನಿಂದ, ಕಾಗದಪತ್ರದಿಂದ ಅಥವಾ ಹೇಳಿದವರೇ ಒಪ್ಪಿಕೊಳ್ಳುವುದರಿಂದ, ಅದೂ ಹಲವು ದಿನಗಳ ನಂತರ.

ಒಪ್ಪಿಕೊಳ್ಳುವ ಸಾಧ್ಯತೆಯನ್ನು ಉಳಿಸಿಕೊಳ್ಳಬೇಕಾದರೆ, ಎಲ್ಲರೆದುರು ಸುಳ್ಳುಗಾರರೆಂದು ಜರೆಯುವ ಬದಲು, ಈ ಎರಡು ಸಂಗತಿಗಳು ನನಗೆ ಹೊಂದಾಣಿಕೆಯಾಗುತ್ತಿಲ್ಲ, ವಿವರಿಸುತ್ತೀರಾ ಎಂದು ಒಬ್ಬರೇ ಇದ್ದಾಗ ಕೇಳುವುದು ಲೇಸು. ಸಮಂಜಸ ಉತ್ತರವೂ ಆಧಾರವೂ ದೊರೆಯದಿದ್ದರೆ ನಿಮ್ಮ ಅನುಮಾನವನ್ನು ಅನುಮಾನವಾಗಿಯೇ ಇಟ್ಟುಕೊಂಡು, ಆ ವ್ಯಕ್ತಿಯ ಬಾಯಿಮಾತಿನ ಮೇಲಷ್ಟೇ ನಿಂತ ಹಣದ ವ್ಯವಹಾರವನ್ನೋ ಸಹಿಯನ್ನೋ ದಾಖಲೆ ಬರುವವರೆಗೆ ಮುಂದೂಡಿ.