ಮಂಗಳೂರಿನಲ್ಲಿ ಹೀಬ್ರೂ ತರಗತಿ: ಕಲಿಸುವವರಿಗೆ ಏನೇನು ಒದಗಿಸಬೇಕು

ಮಂಗಳೂರು, ಉಡುಪಿ ಕಡೆ ಹೀಬ್ರೂ ಬಲ್ಲವರನ್ನು ಹುಡುಕಿದರೆ ಎರಡು ಬಗೆಯವರು ಸಿಗುತ್ತಾರೆ. ಇಸ್ರೇಲಿನಲ್ಲಿ ಹಿರಿಯರ ಆರೈಕೆ ಕೆಲಸ ಮಾಡಿ ಊರಿಗೆ ಮರಳಿದವರು ಸರಾಗವಾಗಿ ಮಾತಾಡುತ್ತಾರೆ. ಬರೆಯಿರಿ ಎಂದರೆ ಪೆನ್ನು ಕೆಳಗಿಡುತ್ತಾರೆ. ಬಲ್ಮಠದಂಥ ಕಡೆ ದೇವಶಾಸ್ತ್ರ ಓದುವಾಗ ಬೈಬಲಿನ ಹಳೆ ಒಡಂಬಡಿಕೆಗಾಗಿ ಕಲಿತವರು ನಿಘಂಟು ಪಕ್ಕದಲ್ಲಿಟ್ಟು ಅದರ ಮೊದಲ ಪುಸ್ತಕ ಆದಿಕಾಂಡ ಓದಬಲ್ಲರು. ಅಂಗಡಿಯಲ್ಲಿ ಹಾಲು ಕೇಳಬೇಕಾದರೆ ತಡವರಿಸುತ್ತಾರೆ. ತರಗತಿ ಬಾಳಬೇಕಾದರೆ ಇಬ್ಬರೂ ಬೇಕು. ಒಬ್ಬರ ತಲೆಗೇ ಎರಡನ್ನೂ ಕಟ್ಟಬೇಡಿ.

90 ನಿಮಿಷದ ತರಗತಿ, ವಾರಕ್ಕೆ 3 ದಿನ, 12 ಮಂದಿಗಿಂತ ಹೆಚ್ಚು ಬೇಡ. ಮೊದಲ 50 ನಿಮಿಷ ಮಾತಿನವರದ್ದು, ಉಳಿದ 40 ಅಕ್ಷರದವರದ್ದು. ಆದರೆ ಇಬ್ಬರೂ ಕೊನೆತನಕ ಕೋಣೆಯಲ್ಲೇ ಇರಬೇಕು, ಯಾಕೆಂದರೆ ಇಬ್ಬರ ಹೀಬ್ರೂವಿನಲ್ಲೂ ಒಂದೊಂದು ಓರೆ ಇದೆ. ಓದಿ ಕಲಿತವರು 'ಅವನು ಹೇಳಿದ' ಎನ್ನಲು ಬೈಬಲಿನ 'ವಯ್ಯೋಮೆರ್' ಹೇಳಿಕೊಡುತ್ತಾರೆ. ಇಂದಿನ ಮಾತಿನಲ್ಲಿ ಅದು 'ಹೂ ಅಮರ್'. ಹತ್ತು ವರ್ಷ ಒಬ್ಬ ಅಜ್ಜಿಯನ್ನೇ ನೋಡಿಕೊಂಡ ಹೆಂಗಸಿನ ಬಾಯಲ್ಲಿ ಸ್ತ್ರೀಲಿಂಗದ ರೂಪಗಳು ಹರಿದು ಬರುತ್ತವೆ, ಪುಲ್ಲಿಂಗದವು ಬರುವುದಿಲ್ಲ. ತಪ್ಪಿದ್ದನ್ನು ಅಲ್ಲೇ ಚೀಟಿಯಲ್ಲಿ ಬರೆದಿಟ್ಟು, ತರಗತಿ ಮುಗಿದ ಮೇಲೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಮಕ್ಕಳೆದುರು ತಿದ್ದಿದರೆ ಮಾತಿನವರು ಮರುದಿನ ಬರುವುದಿಲ್ಲ.

ಅಕ್ಷರ 22, ಪದದ ಕೊನೆಯಲ್ಲಿ ಬೇರೆ ರೂಪ ತಾಳುವವು 5. ಒಟ್ಟು 27 ಆಕಾರ. ದಿನಕ್ಕೆ 3ರಂತೆ 9 ತರಗತಿ, ಅಂದರೆ ಸರಿಯಾಗಿ 3 ವಾರ. ಆಲೆಫ್‌ನಿಂದ ಶುರುಮಾಡಿ ಸಾಲಾಗಿ ಹೋಗುವುದು ಬೇಡ. ದಾಲೆತ್ ಮತ್ತು ರೇಶ್, ಬೇತ್ ಮತ್ತು ಕಾಫ್, ಹೇ ಮತ್ತು ಖೇತ್, ಸಾಮೆಖ್ ಮತ್ತು ಕೊನೆಯ ಮೇಮ್: ನೋಡಲು ಒಂದೇ ಥರದ ಈ ಅವಳಿಗಳನ್ನು ಒಂದೇ ದಿನ ಕಲಿಸಿದರೆ ತಿಂಗಳುಗಟ್ಟಲೆ ಅದಲು ಬದಲಾಗುತ್ತವೆ. ನಡುವೆ ಒಂದು ವಾರ ಬಿಡಿ. ಇದು ಅಚ್ಚಿನ ಅಕ್ಷರದ ಲೆಕ್ಕ. ಕೈಬರಹದ ಅಕ್ಷರ ಬೇರೆಯೇ ಇದೆ, ಅದನ್ನು ನಾಲ್ಕನೇ ವಾರಕ್ಕೆ ಇಟ್ಟುಕೊಳ್ಳಿ. ಹೀಬ್ರೂ ಬಲದಿಂದ ಎಡಕ್ಕೆ ಬರೆಯುವುದರಿಂದ ನೋಟ್‌ಬುಕ್ಕನ್ನು ಹಿಂದಿನ ರಟ್ಟಿನಿಂದ ಬಿಡಿಸಬೇಕು ಎಂದು ಮೊದಲ ದಿನವೇ ಹೇಳಿ. ಅರ್ಧ ಮಂದಿ ಮರೆಯುತ್ತಾರೆ.

ಸ್ವರಚಿಹ್ನೆ, ಅಂದರೆ ನಿಕ್ಕೂದ್, ನಮ್ಮವರಿಗೆ ಬೇಗ ಹತ್ತುತ್ತದೆ. ಕಾಗುಣಿತ ಬರೆದ ಕೈಗೆ ಅಕ್ಷರದ ಕೆಳಗೊಂದು ಚುಕ್ಕೆ, ಗೆರೆ ಹೊಸದೇನಲ್ಲ. ಕಷ್ಟ ಬರುವುದು ಅದು ಕಾಣದಾದಾಗ. ಪತ್ರಿಕೆ, ಬಸ್ಸಿನ ಬೋರ್ಡು, ಔಷಧಿ ಡಬ್ಬಿ ಯಾವುದರಲ್ಲೂ ನಿಕ್ಕೂದ್ ಇರುವುದಿಲ್ಲ. ಓದುವವರೇ ಸ್ವರ ತುಂಬಿಕೊಳ್ಳಬೇಕು. ನಾಲ್ಕನೇ ತಿಂಗಳಿನಿಂದ, ಚೆನ್ನಾಗಿ ಪಳಗಿದ ಪದಗಳಿಂದ ಮಾತ್ರ, ಹಾಳೆಗೆ ಐದಾರರಂತೆ ಚಿಹ್ನೆ ತೆಗೆಯುತ್ತಾ ಬನ್ನಿ. ಧಾತು ಹಿಡಿದು ಪದ ಗುರುತಿಸುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ: ಕ-ತ-ವ ಎಂಬ ಮೂರು ವ್ಯಂಜನ ಕಂಡರೆ ಬರವಣಿಗೆಯ ಸುತ್ತಲಿನ ಪದವೆಂದು ತಿಳಿಯಿತು. ಕತವ್ (ಬರೆದ), ಮಿಖ್ತಾವ್ (ಪತ್ರ), ಕ್ತೋವೆತ್ (ವಿಳಾಸ).

ಮೂರು ವಾರ ಕಳೆದ ಮೇಲೆ ಹೀಬ್ರೂ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನು ನಿಲ್ಲಿಸಿ. ತೇತ್, ತಾವ್ ಎರಡೂ ನಮ್ಮಲ್ಲಿ 'ತ'; ಕಾಫ್, ಕೂಫ್ ಎರಡೂ 'ಕ'. ಕಾಗುಣಿತ ಅಲ್ಲೇ ಕಳೆದುಹೋಗುತ್ತದೆ. ಇನ್ನು ಖೇತ್‌ನ ಉಚ್ಚಾರ ನಮ್ಮ ಮಹಾಪ್ರಾಣ 'ಖ' ಅಲ್ಲ, ಗಂಟಲಿನ ಉಜ್ಜು. ಮದರಸದಲ್ಲಿ ಅರಬ್ಬಿ ಕಲಿತ ಬ್ಯಾರಿ ವಿದ್ಯಾರ್ಥಿ ಇದ್ದರೆ ಅವನಿಂದಲೇ ಹೇಳಿಸಿ, ಕೆಲಸ ಹಗುರ. ಹ್ರಸ್ವ ದೀರ್ಘದ ಚಿಂತೆ ಬಿಡಿ, ಆದರೆ ಒತ್ತು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. 'ಬಿರಾ' ಎಂಬಲ್ಲಿ ಮೊದಲ ಅಕ್ಷರ ಒತ್ತಿದರೆ ಬಿಯರು, ಕೊನೆಯದನ್ನು ಒತ್ತಿದರೆ ರಾಜಧಾನಿ.

ಅತಿ ಹೆಚ್ಚು ತಪ್ಪಾಗುವುದು ಲಿಂಗದಲ್ಲಿ. ಕನ್ನಡದಲ್ಲಿ 'ನನಗೆ ಬೇಕು' ಎನ್ನಲು ಗಂಡು ಹೆಣ್ಣು ಭೇದವಿಲ್ಲ. ಹೀಬ್ರೂವಿನಲ್ಲಿ ಗಂಡು 'ಅನೀ ರೋತ್ಸೆ' ಎಂದರೆ ಹೆಣ್ಣು 'ಅನೀ ರೋತ್ಸಾ' ಎನ್ನಬೇಕು. ಮೇಷ್ಟ್ರು 'ರೋತ್ಸೆ' ಎಂದು ಹೇಳಿ 'ಎಲ್ಲರೂ ಹೇಳಿ' ಎಂದರೆ ಹೆಣ್ಣುಮಕ್ಕಳೂ ಹಾಗೇ ಕಲಿಯುತ್ತಾರೆ. ಒಟ್ಟಿಗೆ ಹೇಳಿಸುವ ಪದ್ಧತಿಯನ್ನು ಕ್ರಿಯಾಪದದಲ್ಲಿ ಕೈಬಿಟ್ಟು, ಒಬ್ಬೊಬ್ಬರನ್ನೇ ಕೇಳಿ. ಸಂಖ್ಯೆಯಲ್ಲಿ ಇನ್ನೊಂದು ಉರುಳು, ಅಲ್ಲಿ ಎಲ್ಲ ತಲೆಕೆಳಗು: ಮೂರು ಎನ್ನಲು 'ಆ' ಕೊನೆಯ 'ಶ್ಲೋಶಾ' ಪುಲ್ಲಿಂಗಕ್ಕೆ, ಬರಿಯ 'ಶಾಲೋಶ್' ಸ್ತ್ರೀಲಿಂಗಕ್ಕೆ.

ಮರ್ಯಾದೆಯ ಬಹುವಚನ ಹೀಬ್ರೂವಿನಲ್ಲಿಲ್ಲ. ಅಜ್ಜನನ್ನು 'ನೀನು' ಎನ್ನಲು ನಾಲಿಗೆ ಏಳದೆ ನಮ್ಮವರು 'ಅತೆಮ್' (ನೀವು) ಎನ್ನುತ್ತಾರೆ. ಅಜ್ಜ ಹಿಂತಿರುಗಿ ಇನ್ಯಾರಿದ್ದಾರೆ ಎಂದು ನೋಡಿಯಾರು, ಅದು ಹಲವರಿಗೆ ಮಾತ್ರ. ಒಬ್ಬ ಗಂಡಸಿಗೆ 'ಅತಾ', ಹೆಂಗಸಿಗೆ 'ಅತ್'. ವಿನಯ 'ಬೆವಕಶಾ' (ದಯವಿಟ್ಟು) ಎಂಬ ಪದದಲ್ಲಿ, ದನಿಯಲ್ಲಿ. ಇದಕ್ಕೆ ಎರಡು ಪೂರ್ತಿ ತರಗತಿ ಕೊಡಿ. ವ್ಯಾಕರಣಕ್ಕಿಂತ ಸಂಕೋಚ ಬಿಡಿಸುವುದೇ ದೊಡ್ಡ ಕೆಲಸ.

ಕನ್ನಡ ನೆರವಿಗೆ ಬರುವ ಜಾಗವೂ ಒಂದಿದೆ. 'ನೀರು ಕೊಡು', 'ಆ ನೀರನ್ನು ಕೊಡು' ಇವುಗಳ ನಡುವಿನ ವ್ಯತ್ಯಾಸ ತಿಳಿದವರಿಗೆ 'ಎತ್' ಎಂಬ ಪದ ಹೊರೆಯಾಗದು: 'ಮಯಿಮ್' ಎಂದರೆ ಯಾವುದೋ ನೀರು, 'ಎತ್ ಹಮಯಿಮ್' ಎಂದರೆ ಗೊತ್ತಿರುವ ಆ ನೀರನ್ನು. ಇಂಗ್ಲಿಷ್ ಪುಸ್ತಕದಿಂದ ಕಲಿಸಿದರೆ ಇದು ಸುಮ್ಮನೆ ಕಗ್ಗಂಟು.

ಹಾಳೆಗಳ ವಿಚಾರ. ಕಂಪ್ಯೂಟರಿನಲ್ಲಿ ಹೀಬ್ರೂ, ಕನ್ನಡ ಒಂದೇ ಸಾಲಿನಲ್ಲಿ ಬೆರೆಸಿದರೆ ಬಲದಿಂದ ಬರುವುದೂ ಎಡದಿಂದ ಬರುವುದೂ ಡಿಕ್ಕಿಯಾಗಿ ಪೂರ್ಣವಿರಾಮ, ಅಂಕಿಗಳು ಎಲ್ಲೆಲ್ಲೋ ಹಾರುತ್ತವೆ. ಎರಡು ಕಾಲಮ್ಮಿನ ಟೇಬಲ್ ಮಾಡಿ ಬೇರೆ ಬೇರೆ ಇಡಿ. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಮಾಡಿಯೇ ಒಯ್ಯಿರಿ, ಅಲ್ಲಿ ಫಾಂಟ್ ಇಲ್ಲದಿದ್ದರೆ ಬರೀ ಡಬ್ಬಿಗಳು ಬರುತ್ತವೆ. ಅಕ್ಷರ 24 ಪಾಯಿಂಟಿಗಿಂತ ಚಿಕ್ಕದು ಬೇಡ. ಪ್ರತಿಯ ಪ್ರತಿ ತೆಗೆಸಿದರೆ ಸ್ವರಚಿಹ್ನೆಗಳು ಕೆಡುತ್ತವೆ: ಕಾಮತ್ಸ್‌ನ ಬಾಲ ಮಾಯವಾಗಿ ಪತಾಖ್ ಆಗುತ್ತದೆ, ಸೆಗೋಲ್‌ನ ಮೂರು ಚುಕ್ಕೆ ಒಂದೇ ಮಸಿಬೊಟ್ಟಾಗುತ್ತದೆ. ಯಾವಾಗಲೂ ಮೂಲ ಹಾಳೆಯಿಂದಲೇ ತೆಗೆಸಿ.

ಆನ್‌ಲೈನಿನಲ್ಲಿ ಇಸ್ರೇಲಿನ ಶಿಕ್ಷಕರ ನೆರವು ಕೇಳುವುದಾದರೆ ಅವರ ಪಂಚಾಂಗ ನೋಡಿಕೊಳ್ಳಿ. ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಆಚರಿಸುವವರು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಫೋನು ಮುಟ್ಟುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಬ್ಬಗಳ ಸಾಲು. ನಮ್ಮ ಗಡಿಯಾರ ಅವರಿಗಿಂತ ಬೇಸಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ ಗಂಟೆ ಮುಂದೆ. ಯಹೂದಿ ಸಮುದಾಯಗಳ ಶಿಕ್ಷಕರಿಗೆ ಒಂದು ತೊಂದರೆ ಚೆನ್ನಾಗಿ ಗೊತ್ತು: ಪ್ರಾರ್ಥನೆಯ ಪುಸ್ತಕವನ್ನು ಗಟಗಟ ಓದುವ ಮಗುವಿಗೆ ಒಂದು ಸಾಲಿನ ಅರ್ಥ ಬರುವುದಿಲ್ಲ. ಅರ್ಥವಿಲ್ಲದೆ ಮಂತ್ರ ಬಾಯಿಪಾಠ ಮಾಡಿದ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕೆ ಅವರು ಹಿಡಿದ ದಾರಿಗಳಲ್ಲೊಂದು 'ಇವ್ರಿತ್ ಬೆಇವ್ರಿತ್', ಹೀಬ್ರೂವನ್ನು ಹೀಬ್ರೂವಿನಲ್ಲೇ ಕಲಿಸುವುದು. ಇದನ್ನು ಮಾತಿನ 50 ನಿಮಿಷದಲ್ಲಿ ಕಟ್ಟುನಿಟ್ಟಾಗಿ ಮಾಡಿ. ಅಕ್ಷರದ 40ರಲ್ಲಿ ಕನ್ನಡ, ತುಳು, ಕೊಂಕಣಿ ಏನು ಬೇಕಾದರೂ ಬಳಸಿ.

ಕರಪತ್ರದಲ್ಲಿ ಏನು ಬರೆಯುತ್ತೀರಿ ಎಂಬುದನ್ನು ಲೆಕ್ಕ ಹಾಕಿಯೇ ಬರೆಯಿರಿ. ಇಸ್ರೇಲಿನಲ್ಲಿ ವಲಸಿಗರಿಗಾಗಿ 1949ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ಉಲ್ಪಾನ್ ಎಂಬ ಹೀಬ್ರೂ ಶಾಲೆಯ ಮಾದರಿಯ ಪೂರ್ಣ ಪಾಠಕ್ಕೆ ಸುಮಾರು 500 ಗಂಟೆ. ವಾರಕ್ಕೆ ನಾಲ್ಕೂವರೆ ಗಂಟೆಯಂತೆ 24 ವಾರ ನಡೆಸಿದರೆ ನಿಮ್ಮದು 108. 'ಆರು ತಿಂಗಳಲ್ಲಿ ನಿರರ್ಗಳ' ಎಂದು ಹಾಕಬೇಡಿ. 'ಅಡುಗೆಮನೆ, ಔಷಧಿ, ಬಸ್ಸಿನ ಮಾತು. ನಿಕ್ಕೂದ್ ಇರುವ ಓದು' ಎಂದು ಹಾಕಿ. ಮೇ ತಿಂಗಳಲ್ಲಿ ಶುರುಮಾಡುವುದಾದರೆ ಶೀಟಿನ ಮಾಡಿನ ಕೋಣೆ ತೆಗೆದುಕೊಳ್ಳಬೇಡಿ. ಜೂನಿನ ಮಳೆ ಬಿದ್ದರೆ ಕೇಳಿಸುವ ಪಾಠ ಕೇಳಿಸುವುದಿಲ್ಲ.