ಕೊಡಗಿನ ಮಬ್ಬಿಗೂ ಮಳೆಗೂ ಒಗ್ಗುವ ಕ್ಯಾಮೆರಾ: ಕಡಿಮೆ ದುಡ್ಡಿನಲ್ಲಿ ಆರಿಸುವುದು ಹೇಗೆ?

ಹೋದ ಹುತ್ತರಿ ಸುಗ್ಗಿ ಹಬ್ಬಕ್ಕೆ ನೆಂಟರ ಹುಡುಗನೊಬ್ಬ ಹೊಸ ಕ್ಯಾಮೆರಾ ತಂದಿದ್ದ. "ಮಾವ, 48 ಮೆಗಾಪಿಕ್ಸೆಲ್! ಬರೀ ಆರು ಸಾವಿರ" ಎಂದ. ಕದಿರು ತೆಗೆಯಲು ಗದ್ದೆಗೆ ಇಳಿದಾಗ ಕತ್ತಲಾಗಿತ್ತು. ಎಲ್ಲರೂ "ಪೊಲಿ ಪೊಲಿ ದೇವಾ" ಎಂದು ಕೂಗುತ್ತಿದ್ದರು, ಇವನು ಕ್ಲಿಕ್ಕಿಸುತ್ತಲೇ ಇದ್ದ. ಮನೆಗೆ ಬಂದು ನೋಡಿದರೆ ಟಾರ್ಚಿನ ಬೆಳಕೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೆಸರು ಕಲಸಿದ ಹಾಗಿತ್ತು. ಅವನ ಅಕ್ಕ ಫೋನಿನಲ್ಲಿ ತೆಗೆದದ್ದೇ ಎಷ್ಟೋ ವಾಸಿ.

ಇಂಥ ಪಾಡು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಏನು ತೆಗೆಯಬೇಕು ಅಂತ ಮೊದಲು ಹೇಳಿಕೊಳ್ಳಿ. ಹಗಲು ಹೊತ್ತಿನ ರಾಜಾಸೀಟು, ಮಾಂದಲಪಟ್ಟಿ, ಕಾಫಿ ಹೂವು ಇಷ್ಟೇ ಆದರೆ ಕೈಯಲ್ಲಿರುವ ಫೋನ್ ಸಾಕು. ಸುಮ್ನೆ ದುಡ್ಡು ಹಾಳು ಮಾಡಬೇಡಿ. ಮದುವೆ ಮನೆ, ದಸರಾ ಮಂಟಪ, ತೋಟದ ನೆರಳಿನ ಹಕ್ಕಿ ಬೇಕು ಅಂದರೆ ಮುಂದೆ ಓದಿ.

2. ಡಬ್ಬದ ಮೇಲಿನ ದೊಡ್ಡ ನಂಬರ್ ಮರೆತುಬಿಡಿ. ಎ4 ಹಾಳೆಯಷ್ಟು ದೊಡ್ಡ ಪ್ರಿಂಟಿಗೂ ಸುಮಾರು 9 ಮೆಗಾಪಿಕ್ಸೆಲ್ ಸಾಕು. ಐದಾರು ಸಾವಿರದ ಹೆಸರಿಲ್ಲದ ಕ್ಯಾಮೆರಾಗಳು ಚಿಕ್ಕ ಚಿತ್ರವನ್ನೇ ಎಳೆದು ಹಿಗ್ಗಿಸಿ 48 ಅಂತ ತೋರಿಸುತ್ತವೆ. ನೋಡಬೇಕಾದದ್ದು ಸೆನ್ಸರ್, ಅಂದರೆ ಬೆಳಕು ಬಂದು ಬೀಳುವ ತಟ್ಟೆ. ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸೆನ್ಸರ್ ಅಳತೆ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ. ನಮ್ಮ ಕಾಫಿ ಬೀಜಕ್ಕಿಂತ ಚಿಕ್ಕದು! ಲೆನ್ಸ್ ಬದಲಿಸಲು ಬರುವ ಡಿಎಸ್‌ಎಲ್‌ಆರ್, ಮಿರರ್‌ಲೆಸ್‌ಗಳ ಎಪಿಎಸ್-ಸಿ ಸೆನ್ಸರ್ ಅದರ ಸುಮಾರು 12 ಪಟ್ಟು ದೊಡ್ಡದು. ಮಳೆಗಾಲದಲ್ಲಿ ಮಾಡಿನ ನೀರಿಗೆ ಲೋಟ ಇಡುವುದಕ್ಕೂ ಹಂಡೆ ಇಡುವುದಕ್ಕೂ ಇರುವ ವ್ಯತ್ಯಾಸ ಇದು.

3. ಲೆನ್ಸಿನ ಮೂತಿ ಓದಿ. ಅಲ್ಲಿ 1:3.5-5.6 ಎಂಬಂತೆ ಏನಾದರೂ ಬರೆದಿರುತ್ತದೆ. ಈ ನಂಬರ್ ಜಾಸ್ತಿ ಆದಷ್ಟೂ ಒಳಗೆ ಬರುವ ಬೆಳಕು ಕಡಿಮೆ. 1.8ರಲ್ಲಿ ಬರುವ ಬೆಳಕು 5.6ರಲ್ಲಿ ಬರುವುದರ ಸುಮಾರು ಹತ್ತು ಪಟ್ಟು. ಸಿಲ್ವರ್ ಮರಗಳ ಕೆಳಗೆ, ಅದೂ ಆಟಿ ತಿಂಗಳ ಮೋಡದಲ್ಲಿ, ಇದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಾಗಾಗಿ ನನ್ನ ಮಾತು ಕೇಳುವುದಾದರೆ ಹೊಸ ಮಾಡೆಲ್ಲಿನ ಆಸೆ ಬಿಡಿ. ಹಳೆಯ ಎಪಿಎಸ್-ಸಿ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಂಡು, ಉಳಿದ ದುಡ್ಡಿಗೆ 50 ಎಂಎಂ 1.8 ಲೆನ್ಸ್ ಹಾಕಿ. ಒಂದು ಎಚ್ಚರಿಕೆ: ನಿಕಾನ್ ಡಿ3500ನಂಥ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗವಾಯಿತು ಅಂತ, ತನ್ನಲ್ಲೂ ಮೋಟಾರ್ ಇಲ್ಲದ 1.8ಡಿ ಲೆನ್ಸ್ ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಲೆನ್ಸಿನೊಳಗೇ ಮೋಟಾರ್ ಇರುವ, ಎಎಫ್-ಎಸ್ ಅಂತ ಬರೆದಿರುವುದನ್ನೇ ತನ್ನಿ.

ಹಕ್ಕಿಯವರಿಗೆ ಮಾತ್ರ ಒಂದು ವಿನಾಯಿತಿ. ಮಂಗಟ್ಟೆ ಹಕ್ಕಿ ಬೆಳಗಿನ ಬಿಸಿಲಲ್ಲಿ ಅತ್ತಿ ಮರಕ್ಕೆ ಬರುತ್ತದೆ ಅನ್ನುವವರು ಉದ್ದ ಜೂಮ್ ಇರುವ, ಲೆನ್ಸ್ ಬಿಚ್ಚಲು ಬಾರದ ಬ್ರಿಡ್ಜ್ ಕ್ಯಾಮೆರಾ ತಗೊಳ್ಳಬಹುದು. ಸೆನ್ಸರ್ ಚಿಕ್ಕದೇ, ಆದರೆ ಅಷ್ಟು ದೂರ ಎಳೆಯುವ ಲೆನ್ಸ್ ಬೇರೆಯಾಗಿ ಕೊಳ್ಳಲು ಹೋದರೆ ಒಂದು ವರ್ಷದ ಮೆಣಸು ಮಾರಬೇಕು. ಆಪ್ಟಿಕಲ್ ಜೂಮ್ ಎಷ್ಟು ಅಂತ ಮಾತ್ರ ಕೇಳಿ. ಡಿಜಿಟಲ್ ಜೂಮ್ ಅಂದರೆ ಫೋಟೊ ಕತ್ತರಿಸುವುದು, ಅಷ್ಟೇ.

4. ಹಳೆಯ ಲೆನ್ಸಿನಲ್ಲಿ ಬೂಷ್ಟು ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಪರಿಚಯದವರು ಕೊಟ್ಟದ್ದು ಅಂತ ನೋಡದೆ ತಂದ ಒಂದು ಲೆನ್ಸ್ ಇವತ್ತಿಗೂ ಕಪಾಟಿನಲ್ಲಿ ಪೇಪರ್‌ವೇಟ್ ಆಗಿ ಕೂತಿದೆ.

ಲೆನ್ಸನ್ನು ಬಾಡಿಯಿಂದ ಬಿಚ್ಚಿ. ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಕ್ಯಾನನ್ ಲೆನ್ಸಾದರೆ ಒಳಗೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಎಸಳುಗಳು ತಾವಾಗಿಯೇ ತೆರೆದಿರುತ್ತವೆ. ನಿಕಾನಿನ ಜಿ ಲೆನ್ಸಿನಲ್ಲಿ (1.8ಜಿ ಎಂಬಂತೆ ಬರೆದಿರುತ್ತದೆ) ಮುಚ್ಚಿಕೊಂಡಿರುತ್ತವೆ. ಹಿಂಭಾಗದಲ್ಲಿರುವ ಚಿಕ್ಕ ಕಡ್ಡಿಯನ್ನು ಉಗುರಿನಿಂದ ಸರಿಸಿ ಹಿಡಿದರೆ ತೆರೆಯುತ್ತದೆ. ಈಗ ನೆರಳಿಗೆ ಬನ್ನಿ. ಫೋನಿನ ಟಾರ್ಚನ್ನು ಹಿಂದಿನಿಂದ ಹಿಡಿದು ಮುಂದಿನಿಂದ ನೋಡಿ. ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಆಮೇಲೆ ಟಾರ್ಚ್ ಮುಂದಕ್ಕೆ, ಕಣ್ಣು ಹಿಂದಕ್ಕೆ.

ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡರೆ ಅದು ಧೂಳು. ಹೆದರಬೇಡಿ, ಫೋಟೊಗೆ ಏನೂ ಆಗುವುದಿಲ್ಲ. ಜೇಡನ ಬಲೆಯ ಹಾಗೆ, ಬೇರಿನ ಹಾಗೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಕನ್ನಡಿಗೆ ಉಸಿರು ಬಿಟ್ಟಂತೆ ಮಂಜು ಕವಿದಿದ್ದರೆ ಅದೂ ಬೇಡ. ಅಂಚಿನಲ್ಲೇ ಜಾಸ್ತಿ ಹುಡುಕಿ. ಬೂಷ್ಟು ಎಷ್ಟೋ ಸಲ ಶುರುವಾಗುವುದೇ ಅಂಚಿನಿಂದ. ಮಾರುವವರು "ಅದು ಧೂಳು, ಒರೆಸಿದರೆ ಹೋಗ್ತದೆ" ಅನ್ನುತ್ತಾರೆ. ಹಾಗಾದರೆ ಒರೆಸಿ ಕೊಡಿ ಅನ್ನಿ. ಒಳಗಿನ ಗಾಜಿಗೆ ಬಟ್ಟೆ ಹೋಗುವುದಿಲ್ಲ, ಬಿಚ್ಚಿಸಲು ಹೋದರೆ ಲೆನ್ಸಿನ ಬೆಲೆಯೇ ಆಗಿಬಿಡಬಹುದು. ಬೂಷ್ಟು ಗಾಜಿನ ಮೇಲಿನ ಲೇಪವನ್ನು ತಿಂದಿದ್ದರೆ ಕ್ಲೀನ್ ಮಾಡಿದರೂ ಕಲೆ ಉಳಿಯುತ್ತದೆ.

ನಮ್ಮವರ ಮೇಲೆ ಕೋಪವೇನೂ ಇಲ್ಲ, ಆದರೆ ನಾನು ಕೊಡಗಿನಲ್ಲೋ ಕರಾವಳಿಯಲ್ಲೋ ಹತ್ತು ಮಳೆಗಾಲ ಕಳೆದ ಲೆನ್ಸನ್ನು ಮುಟ್ಟುವುದಿಲ್ಲ. ಮೈಸೂರು, ಬೆಂಗಳೂರಿನ ಒಣ ಹವೆಯಲ್ಲಿದ್ದದ್ದನ್ನೇ ಹುಡುಕುತ್ತೇನೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ವಾಪಸ್ ಕೊಡಲು ಹೋದರೆ ಇಡೀ ದಿನ ಹೋಯಿತು. ಅದಕ್ಕೇ ಅಲ್ಲೇ ನಿಂತು ನೋಡಿಕೊಂಡು ಬನ್ನಿ. ನಾಚಿಕೆ ಬೇಡ.

5. ಬಾಡಿ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಬಿಳಿ ಗೋಡೆಯನ್ನು ಎಫ್16ರಲ್ಲಿ, ಅಂದರೆ ಲೆನ್ಸಿನ ಆ ಬೆಳಕಿನ ನಂಬರನ್ನು 16ಕ್ಕೆ ಏರಿಸಿ, ತೆಗೆದರೆ ಸೆನ್ಸರ್ ಮೇಲಿನ ಕಲೆಗಳು ಕಾಣುತ್ತವೆ. ಅಂಗಡಿಯ ಕತ್ತಲೆ ಮೂಲೆಯನ್ನು ಫ್ಲ್ಯಾಷ್ ಇಲ್ಲದೆ ಐಎಸ್‌ಒ 3200ರಲ್ಲಿ (ಕಡಿಮೆ ಬೆಳಕಿನ ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) ತೆಗೆದು, ಎಷ್ಟು ಕೆಸರಾಗಿದೆ ಅಂತ ದೊಡ್ಡದು ಮಾಡಿ ನೋಡಿ. ಬ್ಯಾಟರಿ ಉಬ್ಬಿದ್ದರೆ, ರಬ್ಬರ್ ಅಂಟಂಟಾಗಿದ್ದರೆ ಬೆಲೆ ಇಳಿಸಿ ಕೇಳಿ. ವೈಫೈ, ತಿರುಗುವ ಸ್ಕ್ರೀನ್ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಕೈ ನಡುಕ ತಡೆಯುವ ಐಎಸ್, ವಿಆರ್ ನಿಮ್ಮ ಕೈಗಷ್ಟೇ, ವಾಲಗಕ್ಕೆ ಕುಣಿಯುವವರಿಗಲ್ಲ. ಮತ್ತೆ, "ಟ್ರೈಪಾಡ್ ಫ್ರೀ" ಎಂಬ ಕಾಂಬೊಗೆ ಮರುಳಾಗಬೇಡಿ. ಆ ಟ್ರೈಪಾಡ್ ಗಾಳಿಗೆ ಅಲುಗಾಡುತ್ತದೆ.

6. ಮನೆಗೆ ತಂದ ಮೇಲೆ. ಚರ್ಮದ ಕೇಸನ್ನು ದೂರ ಇಡಿ, ಅದು ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ತೇವ ತೋರಿಸುವ ಚಿಕ್ಕ ಮೀಟರ್. ಮೀಟರ್ ಶೇಕಡಾ 40ರಿಂದ 50ರ ಒಳಗೆ ನಿಂತರೆ ಚೆನ್ನ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಅಕ್ಕಿ ಡಬ್ಬಿಯೊಳಗೆ ಹೂತಿಡುವ ಉಪಾಯ ಕೆಲವರು ಹೇಳುತ್ತಾರೆ. ಅಕ್ಕಿಗೆ ಅಷ್ಟು ತೇವ ಎಳೆಯುವ ಶಕ್ತಿ ಇಲ್ಲ, ಅದರ ಹಿಟ್ಟು ಹೋಗಿ ಲೆನ್ಸಿನ ಸಂದಿಯಲ್ಲಿ ಕೂರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಟ್ಟವರೂ ಇದ್ದಾರೆ. ಬೂಷ್ಟು ಬರಲಿಲ್ಲ ನಿಜ, ಹೊಗೆ ಮಾತ್ರ ಒಣಗಿದ ಹಂದಿ ಮಾಂಸಕ್ಕೆ ಹಿಡಿದಷ್ಟೇ ಚೆನ್ನಾಗಿ ಹಿಡಿದಿತ್ತು.