ಹೊಲಿಗೆ ಯಂತ್ರಕ್ಕೆ ನ್ಯಾಯವಾದ ಬೆಲೆ: ನನ್ನ ಅನುಭವ

ಹೊಸ ಹೊಲಿಗೆ ಯಂತ್ರವನ್ನು ಕೊಳ್ಳಬೇಕೆಂದು ತೀರ್ಮಾನಿಸಿದಾಗ, ಬೆಲೆಚೀಟಿಯ ಮೇಲೆ ಗೀಟು ಎಳೆದು ಹೊಡೆದುಹಾಕಿರುವ ದೊಡ್ಡ ಮೊತ್ತವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ರಿಯಾಯಿತಿ ಎಷ್ಟೇ ದೊಡ್ಡದಾಗಿ ಕಂಡರೂ ಅದನ್ನು ಅಳೆಯುವುದು ಮಾರುವವರೇ ಬರೆದುಕೊಂಡ ಅಂಕಿಯಿಂದ. ನನಗೆ ಬೇಕಾಗಿದ್ದ ಹೋಲಿಕೆ ಒಂದೇ: ಅದೇ ಮಾದರಿ, ಅದೇ ಬಿಡಿಸಾಮಾನು, ಅದೇ ವಾರಂಟಿ ಇರುವಾಗ ಬೇರೆ ಬೇರೆ ಕಡೆಗಳಲ್ಲಿ ಕೈಬಿಟ್ಟು ಹೋಗುವ ಒಟ್ಟು ಹಣವೆಷ್ಟು ಎಂಬುದು.

ಈ ಹೋಲಿಕೆ ಕೇಳಿದಷ್ಟು ಸುಲಭವಲ್ಲ. ಒಂದೇ ಯಂತ್ರವು ಮುಂಭಾಗದ ಬಣ್ಣ ಬದಲಾಗಿ, ಜೊತೆಗೆ ಒಂದೆರಡು ಪ್ರೆಸರ್ ಫೂಟ್ (ಹೊಲಿಯುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದ) ಹೆಚ್ಚಾಗಿ, ಬೇರೊಂದು ಮಾದರಿ ಸಂಖ್ಯೆಯಲ್ಲಿ ಮಾರಾಟಕ್ಕೆ ಬರುವುದುಂಟು. ಸಂಖ್ಯೆ ಬೇರೆಯಾದರೆ ‘ಬೇರೆ ಅಂಗಡಿಯ ಬೆಲೆಗೇ ಕೊಡಿ’ ಎಂದು ಕೇಳುವ ದಾರಿ ಮುಚ್ಚಿಹೋಗುತ್ತದೆ. ಬ್ರ್ಯಾಂಡುಗಳ ವಿಷಯವೂ ಹೀಗೆಯೇ. ಸಿಂಗರ್, ಹುಸ್ಕ್‌ವರ್ನಾ ವೈಕಿಂಗ್ ಮತ್ತು ಫಾಫ್ ಮೂರೂ ಒಂದೇ ಸಮೂಹಕ್ಕೆ ಸೇರಿದವು ಎಂದು ತಿಳಿದ ಮೇಲೆ ನಾನು ಹೆಸರನ್ನು ಬದಿಗಿಟ್ಟು ವಿವರಪಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಓದತೊಡಗಿದೆ.

ಓದುವಾಗ ಹೊಲಿಗೆ ವಿನ್ಯಾಸಗಳ ಸಂಖ್ಯೆಗೆ ನಾನು ಬೆಲೆ ಕೊಡಲಿಲ್ಲ. ಕಂಪ್ಯೂಟರೀಕೃತ ಯಂತ್ರಗಳಲ್ಲಿ ಅಕ್ಷರಮಾಲೆಯನ್ನೂ ಸೇರಿಸಿ ಎಣಿಸಿ ಆ ಸಂಖ್ಯೆಯನ್ನು ಹಿಗ್ಗಿಸುವುದಿದೆ. ನಾನು ಹೊಲಿಯುವ ಬಟ್ಟೆಗಳಿಗಾದರೋ ನೇರ ಹೊಲಿಗೆ, ಝಿಗ್‌ಝ್ಯಾಗ್, ಹಿಗ್ಗುವ ಬಟ್ಟೆಗೆ ಒಂದು ಹೊಲಿಗೆ, ಅಚ್ಚುಕಟ್ಟಾದ ಕಾಜಾ, ಇಷ್ಟು ಸಾಕು. ಅದೇ ಹಣವು ಲೋಹದ ಒಳಚೌಕಟ್ಟಿಗೂ, ಪ್ರೆಸರ್ ಫೂಟಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯಕ್ಕೂ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಭಾರಿ ಕೆಲಸಕ್ಕೆ ತಕ್ಕದ್ದೆನ್ನುವ ‘ಹೆವಿ ಡ್ಯೂಟಿ’ ಎಂಬ ಹಣೆಪಟ್ಟಿಯನ್ನು ನಾನು ಬರೀ ಜಾಹೀರಾತೆಂದೇ ಪರಿಗಣಿಸಿದೆ. ಮೋಟಾರಿನ ವ್ಯಾಟ್ ಸಂಖ್ಯೆ ಅದು ಬಳಸುವ ವಿದ್ಯುತ್ತನ್ನು ಹೇಳುತ್ತದೆಯೇ ಹೊರತು ಸೂಜಿಯ ತುದಿಗೆ ಎಷ್ಟು ಬಲ ತಲುಪುತ್ತದೆ ಎಂಬುದನ್ನಲ್ಲ. ಸೂಜಿ ಮನೆಬಳಕೆಯ ಸಾಮಾನ್ಯ 130/705 ಎಚ್ ವರ್ಗದ್ದೇ, ಕೆಳದಾರ ಸುತ್ತುವ ಬಾಬಿನ್ ಮತ್ತು ಫೂಟುಗಳು ಎಲ್ಲೆಡೆ ಸಿಗುವ ಅಳತೆಯವೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಂಡೆ. ಏಕೆಂದರೆ ಆ ಒಂದು ಕಂಪನಿಯದ್ದೇ ಬಿಡಿಭಾಗ ಬೇಕೆನ್ನುವ ಯಂತ್ರವು ಕೊಳ್ಳುವಾಗ ಅಗ್ಗವೆನಿಸಿದರೂ ಮುಂದೆ ವರ್ಷಾನುಗಟ್ಟಲೆ ಬೆಲೆ ಕೇಳುತ್ತಲೇ ಇರುತ್ತದೆ.

ಪರೀಕ್ಷೆಗೆ ನನ್ನದೇ ಬಟ್ಟೆ ಒಯ್ದಿದ್ದೆ. ಪ್ರದರ್ಶನಕ್ಕೆಂದು ಇಟ್ಟಿರುವ ಗಂಜಿ ಹಾಕಿದಂತಹ ಬಿರುಸು ಬಟ್ಟೆಯ ಮೇಲೆ ಯಾವ ಯಂತ್ರವಾದರೂ ಸೊಗಸಾಗಿಯೇ ಹೊಲಿಯುತ್ತದೆ. ನಾನು ಜೀನ್ಸ್ ಬಟ್ಟೆಯ ಹಲವು ಮಡಿಕೆ, ತೆಳುವಾದ ವಾಯಿಲ್ ಮತ್ತು ಟೀ ಶರ್ಟಿನ ಬಟ್ಟೆಯ ತುಂಡುಗಳನ್ನು ಇಟ್ಟುಕೊಂಡು, ಕಡಿಮೆ ಬೆಲೆಯ ಯಂತ್ರದಿಂದಲೇ ಆರಂಭಿಸಿದೆ. ದಪ್ಪ ಮಡಿಕೆಯ ಮೇಲೆ ಪೆಡಲನ್ನು ನಿಧಾನವಾಗಿ ಒತ್ತಿದಾಗ ಸೂಜಿ ತಡವರಿಸದೆ ಇಳಿಯುತ್ತದೆಯೇ, ತೆಳು ಬಟ್ಟೆ ಸುಕ್ಕುಗಟ್ಟುತ್ತದೆಯೇ, ಕಾಜಾದ ಎರಡೂ ಬದಿ ಸಮನಾಗಿ ಬರುತ್ತದೆಯೇ ಎಂದು ನೋಡಿದೆ. ಮೇಲಿನ ಶ್ರೇಣಿಯ ಯಂತ್ರ ಇವುಗಳಲ್ಲಿ ಹೆಚ್ಚಿನದೇನನ್ನೂ ತೋರಿಸದಿದ್ದಾಗ ಅದಕ್ಕೆ ಹೆಚ್ಚು ಕೊಡುವ ಕಾರಣವೇ ಉಳಿಯಲಿಲ್ಲ.

ಚೌಕಾಸಿಯ ಮಾತಿಗೆ ಬಂದರೆ, ಜಾಹೀರಾತಿನ ಬೆಲೆಯೇ ಕೊನೆಯ ಬೆಲೆಯಲ್ಲ ಎಂಬುದನ್ನು ತಿಳಿದಿರಬೇಕು. ಕೆಲವು ತಯಾರಕರು ತಮ್ಮ ಯಂತ್ರವನ್ನು ನಿಗದಿಯಾದ ಮೊತ್ತಕ್ಕಿಂತ ಕಡಿಮೆಗೆ ಜಾಹೀರಾತು ಮಾಡಬಾರದೆಂದು ಮಾರಾಟಗಾರರಿಗೆ ಕಟ್ಟುಪಾಡು ಹಾಕಿರುತ್ತಾರೆ. ಅಂತಹ ಯಂತ್ರಗಳ ನಿಜವಾದ ಬೆಲೆ ಬಾಯಿಮಾತಿನಲ್ಲಿ ಕೇಳಿದವರಿಗಷ್ಟೇ ತಿಳಿಯುತ್ತದೆ. ಹಾಗಾಗಿ ನಾನು ಎಲ್ಲೆಡೆ ಕೇಳಿದ್ದು ಒಂದೇ ಪ್ರಶ್ನೆ: ‘ತೆರಿಗೆ, ಸಾಗಣೆ ಎಲ್ಲ ಸೇರಿ, ಈ ಮಾದರಿಯನ್ನು ಎಷ್ಟಕ್ಕೆ ಕೊಡುತ್ತೀರಿ?’ ಕೇಳಿದ ಮೇಲೆ ಸುಮ್ಮನಿರುವುದೂ ಒಂದು ಕೌಶಲ. ಆ ಮೌನವನ್ನು ತುಂಬಲು ಹೋಗಿ ನಮ್ಮ ಮಿತಿಯನ್ನು ನಾವೇ ಬಿಟ್ಟುಕೊಟ್ಟರೆ ಬೆಲೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಬೆಲೆ ಇನ್ನು ಇಳಿಯದು ಎಂದು ಕಂಡಾಗ ನಾನು ಮಾತನ್ನು ಬಿಡಿಸಾಮಾನುಗಳತ್ತ ತಿರುಗಿಸಿದೆ. ಬಟ್ಟೆಯ ಪದರಗಳನ್ನು ಸಮನಾಗಿ ಮುಂದೆ ಸಾಗಿಸುವ ವಾಕಿಂಗ್ ಫೂಟ್, ಅಗಲವಾದ ಹೊಲಿಗೆ ಹಲಗೆ, ಗಟ್ಟಿ ಮುಚ್ಚಳ ಇವುಗಳಿಗೆ ಅಂಗಡಿಯವರು ಮಾಡಿರುವ ಖರ್ಚು ನಾವು ಕೊಡುವ ಬೆಲೆಗಿಂತ ಕಡಿಮೆಯಾದ್ದರಿಂದ, ಹಣ ಇಳಿಸುವುದಕ್ಕಿಂತ ಇವನ್ನು ಸೇರಿಸಿ ಕೊಡಲು ಅವರು ಬೇಗ ಒಪ್ಪುತ್ತಾರೆ. ಆದರೆ ಬೇಡದ ದಾರದ ಡಬ್ಬಿ, ತರಬೇತಿ ಪ್ಯಾಕೇಜುಗಳನ್ನು ಉಚಿತವೆಂದು ಪೇರಿಸಿದಾಗ ಅವುಗಳಿಗೆ ನನ್ನ ಲೆಕ್ಕದಲ್ಲಿ ಸೊನ್ನೆ ಹಾಕಿದೆ. ಪ್ರದರ್ಶನಕ್ಕೆ ಬಳಸಿದ ಯಂತ್ರವೊಂದನ್ನೂ ಕಡಿಮೆಗೆ ತೋರಿಸಿದರು. ಬರ್ನಿನಾ ಕಂಪನಿಯ ಕೆಲವು ಮಾದರಿಗಳಂತೆ ಹಾಕಿರುವ ಒಟ್ಟು ಹೊಲಿಗೆಗಳನ್ನು ಪರದೆಯಲ್ಲೇ ತೋರಿಸುವ ಯಂತ್ರವಾಗಿದ್ದರೆ ಯೋಚಿಸಬಹುದಿತ್ತು. ಎಷ್ಟು ದುಡಿದಿದೆ ಎಂದು ತಿಳಿಯದ ಯಂತ್ರಕ್ಕೆ ಅಷ್ಟು ಸಣ್ಣ ಇಳಿಕೆ ನನಗೆ ಸಾಲದೆನಿಸಿತು.

ಹಳೆಯ ಯಂತ್ರದ ವಿನಿಮಯ ಮತ್ತು ಕಂತಿನ ಮಾತು ಬಂದೇ ಬರುತ್ತದೆ. ಇವೆರಡೂ ಈ ವ್ಯಾಪಾರದಷ್ಟೇ ಹಳೆಯವು: ಸಿಂಗರ್ ಕಂಪನಿಯ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲೇ ಕಂತಿನ ಮಾರಾಟವನ್ನು ಆರಂಭಿಸಿದ್ದ, ಹಳೆಯ ಯಂತ್ರ ಕೊಟ್ಟವರಿಗೆ ಬೆಲೆಯಲ್ಲಿ ಕಡಿತವನ್ನೂ ಕೊಡುತ್ತಿದ್ದ. ನಾನು ಹೊಸದರ ಬೆಲೆ ನಿಗದಿಯಾಗುವವರೆಗೂ ಹಳೆಯದರ ವಿಷಯವನ್ನು ಎತ್ತಲಿಲ್ಲ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂದೆ ಪಡೆಯುವುದು ಸುಲಭ. ಕಂತಿನ ವಿಷಯದಲ್ಲಿಯೂ ತಿಂಗಳ ಮೊತ್ತವನ್ನು ಬಿಟ್ಟು ಕೊನೆಗೆ ಕಟ್ಟುವ ಒಟ್ಟು ಹಣವನ್ನಷ್ಟೇ ಕೇಳಿದೆ.

ಅಂತರ್ಜಾಲದಲ್ಲಿ ಇದೇ ಮಾದರಿ ಸ್ವಲ್ಪ ಕಡಿಮೆಗಿತ್ತು. ಆದರೂ ತಾಳ್ಮೆಯಿಂದ ಯಂತ್ರವನ್ನು ಓಡಿಸಲು ಬಿಟ್ಟ, ದುರಸ್ತಿಯನ್ನು ತಮ್ಮಲ್ಲೇ ಮಾಡುವ ಅಂಗಡಿಯವರಿಗೆ ಆ ಬೆಲೆಯನ್ನು ತೋರಿಸಿ, ಹತ್ತಿರಕ್ಕೆ ಬರಲು ಅವಕಾಶ ಕೊಟ್ಟೆ. ಅವರು ಪೂರ್ತಿ ಅಲ್ಲಿಗೆ ಇಳಿಯಲಿಲ್ಲ, ಮೊದಲ ವರ್ಷದ ಸರ್ವಿಸನ್ನು ಸೇರಿಸಿದರು. ಉಳಿದ ಅಂತರ ಕೊಡತಕ್ಕದ್ದೇ ಎಂದು ನನಗೆ ತೋರಿತು. ಹಣ ಕೊಡುವ ಮೊದಲು ಮಾದರಿ ಸಂಖ್ಯೆ, ಕ್ರಮಸಂಖ್ಯೆ, ಸೇರಿಸಿಕೊಟ್ಟ ಪ್ರತಿಯೊಂದು ಸಾಮಾನು, ಚೌಕಟ್ಟು, ಮೋಟಾರು ಮತ್ತು ಕೂಲಿಗೆ ಪ್ರತ್ಯೇಕವಾಗಿ ಎಷ್ಟೆಷ್ಟು ವಾರಂಟಿ ಎಂಬುದನ್ನೆಲ್ಲ ಬಿಲ್ಲಿನಲ್ಲಿ ಬರೆಸಿ, ಪೆಟ್ಟಿಗೆಯನ್ನು ಅಲ್ಲೇ ತೆರೆಸಿ, ಒಯ್ದಿದ್ದ ಜೀನ್ಸ್ ಬಟ್ಟೆಯ ಮೇಲೆ ಒಂದು ಸಾಲು ಹೊಲಿದು ನೋಡಿದೆ.